ಸುಣ್ಣದಲ್ಲಿ ಬೆಂದ ಮುಸುಕಿನ ಜೋಳ ಮತ್ತು ಸಾಲ್ವಡಾರಿನ ಪುಪುಸಾ

1976ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ ಧಾನ್ಯದ ಉಗ್ರಾಣಗಳನ್ನು ಕಟ್ಟಲೆಂದು ನೆಲ ಸಮ ಮಾಡುತ್ತಿದ್ದಾಗ ಬುಲ್ಡೋಜರಿಗೆ ಬೂದಿಯಡಿಯಲ್ಲಿ ಹೂತಿದ್ದ ಮನೆಯೊಂದು ಸಿಕ್ಕಿತು. ಮುಂದೆ ಅಗೆದು ನೋಡಲಾಗಿ ಅದು ಒಂದು ಇಡೀ ಬೇಸಾಯಗಾರರ ಹಳ್ಳಿ. ಸುಮಾರು ಕ್ರಿ.ಶ. 600ರ ಹೊತ್ತಿಗೆ ಹತ್ತಿರದ ಜ್ವಾಲಾಮುಖಿ ಸಿಡಿದು, ಹಲವು ಮೀಟರ್ ದಪ್ಪದ ಬೂದಿ ಊರನ್ನು ಮುಚ್ಚಿತ್ತು. ಹೋಯಾ ದೆ ಸೆರೆನ್ ಎಂಬ ಈ ಸ್ಥಳವನ್ನು ಯುನೆಸ್ಕೋ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೇಸಾಯಗಾರರಿಗೆ ಇಲ್ಲಿ ನೋಡತಕ್ಕದ್ದು ಮನೆಗಳಿಗಿಂತ ಹೊಲಗಳು. ಬೋದು-ಸಾಲು ಮಾಡಿ ಮುಸುಕಿನ ಜೋಳ ಬಿತ್ತಿದ್ದ ತಾಕುಗಳು ಬೋದು ಸಮೇತ ಉಳಿದಿವೆ. ಗಿಡಗಳು ಕೊಳೆತುಹೋದರೂ ಬೂದಿಯಲ್ಲಿ ಅವುಗಳ ಅಚ್ಚು ಪೊಳ್ಳಾಗಿ ನಿಂತಿತ್ತು. ಸಂಶೋಧಕರು ಆ ಪೊಳ್ಳಿಗೆ ಗಾರೆ ಸುರಿದು ಎಲೆ, ದಂಟು, ತೆನೆಗಳ ಆಕಾರವನ್ನು ಪಡೆದರು. ಕೆಲವೆಡೆ ಬಲಿತ ಗಿಡಗಳ ದಂಟನ್ನು ತೆನೆಯ ಕೆಳಗೆ ಮುರಿದು ಬಗ್ಗಿಸಿ, ತೆನೆಯನ್ನು ಹೊಲದಲ್ಲಿಯೇ ಒಣಗಲು ಬಿಟ್ಟಿದ್ದುದು ಕಂಡುಬಂದಿತು. ತೆನೆಯೊಳಗೆ ಮಳೆಯ ನೀರು ಇಳಿಯದಂತೆ ತಡೆಯುವ ಈ ಪದ್ಧತಿಯನ್ನು ಮಧ್ಯ ಅಮೆರಿಕದ ರೈತರು ಇಂದಿಗೂ ಅನುಸರಿಸುತ್ತಾರೆ. ಮನೆಗಳಲ್ಲಿ ಸಿಕ್ಕ ಅರೆಯುವ ಕಲ್ಲುಗಳಲ್ಲಿ ಕೆಲವನ್ನು ಕವಲು ಕಂಬಗಳ ಮೇಲೆ ಎತ್ತರಿಸಿ ಇಡಲಾಗಿತ್ತು. ಮಂಡಿಯೂರಿ ಅರೆಯುವ ಬದಲು ನಿಂತು ಅರೆಯಲು ಮಾಡಿಕೊಂಡ ಅನುಕೂಲವದು.

ಈ ದೇಶದ ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಒಂಬತ್ತನೆಯ ಒಂದು ಪಾಲು. ಇಲ್ಲಿನ ಜನರ ದಿನನಿತ್ಯದ ಆಹಾರ ಬಿಳಿ ಮುಸುಕಿನ ಜೋಳದ ರೊಟ್ಟಿ. ಅದೇ ಹಿಟ್ಟಿನೊಳಗೆ ಅವರೆ ಜಾತಿಯ ಕಾಳು, ಗಿಣ್ಣು ಅಥವಾ ಮಾಂಸವನ್ನು ತುಂಬಿ ತಟ್ಟಿ ಹಂಚಿನ ಮೇಲೆ ಬೇಯಿಸಿದರೆ ಅದೇ ಪುಪುಸಾ. 2005ರಲ್ಲಿ ಅಲ್ಲಿಯ ಶಾಸನಸಭೆ ಇದನ್ನು ರಾಷ್ಟ್ರೀಯ ಖಾದ್ಯವೆಂದು ಘೋಷಿಸಿ, ನವೆಂಬರ್ ತಿಂಗಳ ಎರಡನೆಯ ಭಾನುವಾರವನ್ನು ಪುಪುಸಾ ದಿನವೆಂದು ಗೊತ್ತುಮಾಡಿತು. ನೆರೆಯ ಹೊಂಡುರಾಸಿನವರು ಇದು ತಮ್ಮದೂ ಹೌದೆನ್ನುತ್ತಾರೆ. 1980ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ದೇಶ ಬಿಟ್ಟ ಲಕ್ಷಾಂತರ ಜನರೊಡನೆ ಇದು ಅಮೆರಿಕ ಸಂಯುಕ್ತ ಸಂಸ್ಥಾನದ ನಗರಗಳಿಗೂ ಹೋಯಿತು.

ಹೂರಣದ ಹೋಳಿಗೆ ಮಾಡಬಲ್ಲವರಿಗೆ ಪುಪುಸಾ ತಟ್ಟುವುದು ಕಷ್ಟವಲ್ಲ. ಇದರಲ್ಲಿ ಕಲಿಯಬೇಕಾದ ವಿದ್ಯೆ ಹಿಟ್ಟಿಗೆ ಮುಂಚೆ, ಕಾಳು ಬೇಯಿಸುವಲ್ಲಿಯೇ ಇದೆ.

ಸುಣ್ಣವಿಲ್ಲದೆ ಪ್ರಯಾಣ ಮಾಡಿದ ಕಾಳು

ಮುಸುಕಿನ ಜೋಳದ ತವರು ಮೆಕ್ಸಿಕೋ. ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಅಲ್ಲಿಯ ಜನ ಇದನ್ನು ರೂಢಿಸಿದರು. ಕಾಳನ್ನು ಸುಣ್ಣದ ಅಥವಾ ಬೂದಿಯ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಯಿಟ್ಟು, ತೊಳೆದು ಅರೆಯುವುದು ಆ ಪ್ರದೇಶದ ಪುರಾತನ ವಾಡಿಕೆ. ಹೀಗೆ ಸಿದ್ಧವಾದ ಕಾಳಿಗೆ ನಿಶ್ತಮಾಲ್ ಎಂದು ಹೆಸರು. ಈ ಪದದ ಮೊದಲ ಭಾಗಕ್ಕೆ ಅಲ್ಲಿಯ ನಾವಾತ್ಲ್ ಭಾಷೆಯಲ್ಲಿ ಬೂದಿ ಅಥವಾ ಸುಣ್ಣ ಎಂದೇ ಅರ್ಥ.

ಕೊಲಂಬಸನ ನಂತರ ಈ ಬೆಳೆ ಯೂರೋಪಿಗೆ ಹೋಯಿತು, ಆದರೆ ಸುಣ್ಣದ ವಾಡಿಕೆ ಜೊತೆಗೆ ಹೋಗಲಿಲ್ಲ. ಎಕರೆಗೆ ಹೆಚ್ಚು ಇಳುವರಿ ಕೊಡುವ ಧಾನ್ಯವೆಂದು ಬಡವರು ಅದನ್ನೇ ಮೂರು ಹೊತ್ತೂ ಉಣ್ಣತೊಡಗಿದ ಕಡೆಗಳಲ್ಲಿ ಒಂದು ಹೊಸ ರೋಗ ಕಾಣಿಸಿಕೊಂಡಿತು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ, ಸಾವು. 1735ರಲ್ಲಿ ಗಾಸ್ಪರ್ ಕಸಾಲ್ ಎಂಬ ವೈದ್ಯ ಸ್ಪೇನಿನಲ್ಲಿ ಇದನ್ನು ಗುರುತಿಸಿದ. ಇಟಲಿಯವರು ಇದನ್ನು ಪೆಲಾಗ್ರ, ಅಂದರೆ ಒರಟು ಚರ್ಮ ಎಂದು ಕರೆದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಸೀಮೆಯಲ್ಲಿ ಸಾವಿರಾರು ಜನ ಇದರಿಂದ ಸತ್ತರು. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ತೋರಿಸಿಕೊಟ್ಟವರು ಜೋಸೆಫ್ ಗೋಲ್ಡ್‌ಬರ್ಗರ್. ಕೊರತೆಯಾಗಿದ್ದ ವಸ್ತು ನಯಾಸಿನ್ ಎಂಬ ಜೀವಸತ್ವವೆಂದು 1937ರಲ್ಲಿ ಕಾನ್ರಾಡ್ ಎಲ್ವೆಹ್ಯಮ್ ಅವರ ಸಂಶೋಧನೆಯಿಂದ ತಿಳಿಯಿತು.

ವಿಚಿತ್ರವೆಂದರೆ ಕಾಳಿನಲ್ಲಿ ನಯಾಸಿನ್ ಇಲ್ಲದೆ ಇಲ್ಲ. ಅದು ಬೇರೆ ವಸ್ತುಗಳೊಡನೆ ಗಂಟುಬಿದ್ದಿರುವುದರಿಂದ ಕರುಳು ಹೀರಿಕೊಳ್ಳಲಾರದು. ಸುಣ್ಣದ ಕ್ಷಾರ ಆ ಗಂಟನ್ನು ಬಿಡಿಸುತ್ತದೆ. ಜೊತೆಗೆ ಮಧ್ಯ ಅಮೆರಿಕದವರು ರೊಟ್ಟಿಯೊಡನೆ ಅವರೆ ಜಾತಿಯ ಕಾಳನ್ನೂ ತಿನ್ನುತ್ತಿದ್ದರು. ಮುಸುಕಿನ ಜೋಳದ ಸಸಾರಜನಕದಲ್ಲಿ ಲೈಸಿನ್ ಮತ್ತು ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲಗಳು ಕಡಿಮೆ. ದ್ವಿದಳ ಕಾಳು ಈ ಕೊರತೆಯನ್ನು ತುಂಬುತ್ತದೆ. ಅದೇ ಪುಪುಸಾದ ಕಣಕ ಮತ್ತು ಹೂರಣದ ಸಂಬಂಧ.

ದಖ್ಖನಿನ ರೈತರಿಗೂ ಈ ರೋಗ ಅಪರಿಚಿತವಲ್ಲ. ಬಿಳಿಜೋಳವನ್ನೇ ನೆಚ್ಚಿಕೊಂಡ ಹೈದರಾಬಾದ್ ಸುತ್ತಿನ ಬಡ ಜನರಲ್ಲಿ ಪೆಲಾಗ್ರ ಇರುವುದನ್ನು ಗೋಪಾಲನ್ ಮತ್ತು ಶ್ರೀಕಾಂತಿಯ ಅವರು 1960ರಲ್ಲಿ ವರದಿ ಮಾಡಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಾಗಿರುವುದು ಅಲ್ಲಿ ಕಾರಣವಿರಬಹುದೆಂಬುದು ಅವರ ವಾದ. ಆದ್ದರಿಂದ ಒಂದೇ ಧಾನ್ಯವನ್ನು ನೆಚ್ಚುವುದರ ಅಪಾಯ ಈ ನಾಡಿಗೂ ಗೊತ್ತಿರುವ ಮಾತು.

ಕಾಳಿನ ಸಸಾರಜನಕವನ್ನೇ ಉತ್ತಮಪಡಿಸಲು ತಳಿಶಾಸ್ತ್ರಜ್ಞರೂ ಪ್ರಯತ್ನಿಸಿದ್ದಾರೆ. ಭಾರತದಲ್ಲಿ 1971ರಲ್ಲಿ ಬಿಡುಗಡೆಯಾದ ಶಕ್ತಿ, ರತ್ತನ್, ಪ್ರೋಟೀನಾ ತಳಿಗಳು ಅಂಥವು. ಆದರೆ ಆ ಬಗೆಯ ಕಾಳು ಮೆದು, ಹಗುರ. ಉಗ್ರಾಣದಲ್ಲಿ ಹುಳಕ್ಕೆ ಬೇಗ ತುತ್ತಾಗುತ್ತಿತ್ತು. ರೈತರು ಒಪ್ಪಲಿಲ್ಲ. ಮುಂದೆ ಗಟ್ಟಿ ಕಾಳಿನ ಪೌಷ್ಟಿಕ ತಳಿಗಳನ್ನು ರೂಪಿಸಿದ ಸುರೀಂದರ್ ವಾಸಲ್ ಮತ್ತು ಎವಾಂಜೆಲಿನಾ ವಿಯೆಗಾಸ್ ಅವರಿಗೆ 2000ದಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ಸುಣ್ಣಕ್ಕಾದರೋ ತಳಿಯ ಹಂಗಿಲ್ಲ, ಮನೆಯಲ್ಲಿರುವ ಕಾಳಿಗೇ ಸಾಕು.

ಯಾವ ಕಾಳು, ಯಾವ ಸುಣ್ಣ

ದಾವಣಗೆರೆ, ಹಾವೇರಿ, ಚಿತ್ರದುರ್ಗ ಮುಂತಾದ ಜಿಲ್ಲೆಗಳಲ್ಲಿ ಬೆಳೆಯುವ ಗೋವಿನ ಜೋಳದ ಬಹುಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಬೆಳೆದವನ ಅಡುಗೆಮನೆಗೆ ಬರುವುದು ಹಸಿ ತೆನೆಯ ಕಾಲದಲ್ಲಿ ಮಾತ್ರ. ಒಣ ಕಾಳನ್ನು ಬೀಸಿ ರೊಟ್ಟಿ ತಟ್ಟಿದರೆ ಅಂಚು ಸೀಳುತ್ತದೆ, ಆರಿದೊಡನೆ ಬಿರುಸಾಗುತ್ತದೆ ಎಂಬುದು ಸಾಮಾನ್ಯ ದೂರು. ಹೂರಣ ತುಂಬುವ ಮಾತಂತೂ ದೂರ. ಗೋಧಿಯಲ್ಲಿರುವ ಅಂಟು ಇದರಲ್ಲಿಲ್ಲ. ಸುಣ್ಣದ ನೀರಿನಲ್ಲಿ ಬೆಂದಾಗ ಕಾಳಿನ ಹೊರಪೊರೆ ಕರಗಿ ಲೋಳೆಯಾಗುತ್ತದೆ, ಪಿಷ್ಟ ಸ್ವಲ್ಪಮಟ್ಟಿಗೆ ಬೆಂದು ಉಬ್ಬುತ್ತದೆ. ಇವೆರಡೂ ಸೇರಿ ಹಿಟ್ಟಿಗೆ ಜಿಗುಟು ಬರುತ್ತದೆ. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ ಇರುವ ಕ್ಯಾಲ್ಸಿಯಂ ಹತ್ತು ಪಟ್ಟಿನಷ್ಟಾದರೂ ಹೆಚ್ಚುವುದು ಬೇರೆ ಲಾಭ.

ಹಳದಿ ಕಾಳೂ ಆಗಬಹುದು. ಸುಣ್ಣ ತಾಗಿದಾಗ ಅದರ ಬಣ್ಣ ಇನ್ನೂ ಗಾಢವಾಗುತ್ತದೆ, ಹೆದರಬೇಕಾಗಿಲ್ಲ. ಆದರೆ ಎರಡು ಎಚ್ಚರಿಕೆ ಅಗತ್ಯ. ಬಿತ್ತನೆಗೆಂದು ತಂದು ಉಳಿದ, ಔಷಧಿ ಲೇಪಿಸಿದ ಬಣ್ಣದ ಬೀಜವನ್ನು ಎಷ್ಟು ತೊಳೆದರೂ ತಿನ್ನಕೂಡದು, ಅದು ವಿಷ. ಹಾಗೆಯೇ ಬೂಷ್ಟು ಹಿಡಿದ ಕಾಳನ್ನು ಆರಿಸಿ ತೆಗೆಯಬೇಕು. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷವನ್ನು ಸುಣ್ಣ ಸ್ವಲ್ಪ ತಗ್ಗಿಸುವುದು ನಿಜವಾದರೂ ಅದನ್ನು ನಂಬಿ ಕೆಟ್ಟ ಕಾಳನ್ನು ಬಳಸುವುದು ತಪ್ಪು.

ಸುಣ್ಣ ಅರಳಿದ ಸುಣ್ಣವಾಗಿರಬೇಕು. ಎಲೆ ಅಡಿಕೆಗೆ ಬಳಸುವ, ಬಣ್ಣ ಪರಿಮಳ ಬೆರೆಸದ ಬಿಳಿ ಸುಣ್ಣ ಯೋಗ್ಯ. ಗೋಡೆಗೆ ಬಳಿಯುವ ಸುಣ್ಣ ಬೇಡ. ಸುಡುಸುಣ್ಣದ ಗಟ್ಟಿಗಳನ್ನು ಮಕ್ಕಳಿರುವ ಅಡುಗೆಮನೆಗೆ ತರುವುದೇ ಬೇಡ, ನೀರು ಬಿದ್ದರೆ ಕುದಿದು ಸಿಡಿಯುತ್ತದೆ. ಪಾತ್ರೆ ಸ್ಟೀಲಿನದು ಅಥವಾ ಮಣ್ಣಿನದು ಇರಲಿ. ಅಲ್ಯುಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ.

ಬೇಯಿಸುವ ಕ್ರಮ

ಒಂದು ಕಿಲೋ ಕಾಳಿಗೆ ಮೂರು ಲೀಟರ್ ನೀರು, 10 ಗ್ರಾಂ ಒಣ ಸುಣ್ಣದ ಪುಡಿ. ಹಸಿ ಸುಣ್ಣವಾದರೆ ಅದರಲ್ಲಿ ಅರ್ಧದಷ್ಟು ನೀರೇ ಇರುವುದರಿಂದ 20 ಗ್ರಾಂ. ಮೊದಲು ಸುಣ್ಣವನ್ನು ನೀರಿನಲ್ಲಿ ಕದಡಿ ನಂತರ ಕಾಳು ಹಾಕಬೇಕು. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 40 ನಿಮಿಷದಿಂದ ಒಂದು ಗಂಟೆ ಬೇಯಿಸಬೇಕಾಗುತ್ತದೆ. ಗಾಜಿನಂತೆ ಹೊಳೆಯುವ ಗಟ್ಟಿ ಕಾಳಿಗೆ ಹೆಚ್ಚು ಹೊತ್ತು, ನೆತ್ತಿಯಲ್ಲಿ ತಗ್ಗಿರುವ ಮೆದು ಕಾಳಿಗೆ ಕಡಿಮೆ. ಗಡಿಯಾರಕ್ಕಿಂತ ಕಾಳನ್ನೇ ನೋಡುವುದು ಮೇಲು. ಎರಡು ಬೆರಳಿನ ನಡುವೆ ಉಜ್ಜಿದರೆ ಸಿಪ್ಪೆ ಜಾರಬೇಕು. ಕಾಳನ್ನು ಕಚ್ಚಿ ನೋಡಿದರೆ ನಡುವೆ ಒಂದು ಚುಕ್ಕೆಯಷ್ಟು ಬೇಯದೆ ಉಳಿದಿರಬೇಕು. ಪೂರ್ತಿ ಬೆಂದು ಅರಳಿದರೆ ಹಿಟ್ಟು ಅಂಬಲಿಯಂತೆ ಸಡಿಲವಾಗಿ ಕೈಗೆ ಅಂಟುತ್ತದೆ. ಹೊಸಬರು ಕೆಡಿಸುವುದು ಬಹುಮಟ್ಟಿಗೆ ಇಲ್ಲಿಯೇ.

ಒಲೆಯಿಂದ ಇಳಿಸಿ, ಅದೇ ನೀರಿನಲ್ಲಿ ರಾತ್ರಿಯೆಲ್ಲ ಮುಚ್ಚಿಡಬೇಕು. ಬೆಳಿಗ್ಗೆ ಹಳದಿ ನೀರನ್ನು ಬಸಿದು, ಕಾಳನ್ನು ಕೈಯಿಂದ ಉಜ್ಜುತ್ತ ಎರಡು ಮೂರು ನೀರಿನಲ್ಲಿ ತೊಳೆಯುವುದು. ಸುಣ್ಣದ ವಾಸನೆ ಹೋದರೆ ಸಾಕು. ಸಿಪ್ಪೆಯ ಚೂರೊಂದೂ ಉಳಿಯದಂತೆ ತೊಳೆದರೆ ಹಿಟ್ಟಿನ ಜಿಗುಟೂ ಹೋಗುತ್ತದೆ. ಬಸಿದ ನೀರು ಖಾರವಾದ ಕ್ಷಾರ. ದನದ ತೊಟ್ಟಿಗೂ ಗಿಡದ ಬುಡಕ್ಕೂ ಸುರಿಯಬಾರದು.

ಅರೆಯುವಾಗ ನೀರು ಬಲು ಮಿತವಾಗಿರಲಿ. ಒರಳು ಅಥವಾ ಗ್ರೈಂಡರಿನಲ್ಲಿ ಚಮಚದಿಂದ ಚಿಮುಕಿಸುತ್ತ, ನುಣ್ಣಗೆ, ಆದರೆ ಗಟ್ಟಿಯಾಗಿ ಅರೆಯಬೇಕು. ಮಿಕ್ಸಿಯಲ್ಲಿ ಅರೆದರೆ ನೀರು ಹೆಚ್ಚು ಬೇಕಾಗಿ ಹಿಟ್ಟು ತೆಳುವಾಗುವುದುಂಟು. ಆಗ ಒಂದು ಹಿಡಿ ಅಕ್ಕಿ ಹಿಟ್ಟು ಬೆರೆಸಿ ನಾದಿದರೆ ದೋಷವಲ್ಲ. ಸಾಲ್ವಡಾರಿನ ಓಲೋಕುಯಿಲ್ತಾ ಊರು ಅಕ್ಕಿ ಹಿಟ್ಟಿನ ಪುಪುಸಾಕ್ಕೇ ಹೆಸರಾಗಿದೆ. ಉಪ್ಪು ಹಾಕಿ ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿಡಬೇಕು. ಒಂದು ಉಂಡೆಯನ್ನು ಒತ್ತಿದಾಗ ಅಂಚು ಸೀಳಿದರೆ ನೀರು ಸಾಲದು, ಅಂಗೈಗೆ ಅಂಟಿದರೆ ಹೆಚ್ಚಾಗಿದೆ ಎಂದು ತಿಳಿಯುವುದು.

ಹೂರಣ ಮತ್ತು ತಟ್ಟುವ ಬಗೆ

ಅಲ್ಲಿ ಕೆಂಪು ಬಣ್ಣದ ಚಿಕ್ಕ ಹುರುಳಿಬೀಜವನ್ನು ಬೇಯಿಸಿ, ಅರೆದು, ಈರುಳ್ಳಿಯೊಡನೆ ಕೊಬ್ಬಿನಲ್ಲಿ ಬಾಡಿಸಿ ಗಟ್ಟಿ ಮಾಡುತ್ತಾರೆ. ಇಲ್ಲಿ ರಾಜ್ಮಾ ಅಥವಾ ಅಲಸಂದೆಯಿಂದ ಇದೇ ಕೆಲಸವಾಗುತ್ತದೆ. ಕೆಸಿಯೊ ಎಂಬ, ಕಾದರೆ ಎಳೆಯಾಗಿ ಕರಗುವ ಗಿಣ್ಣು ಎರಡನೆಯದು. ಪನ್ನೀರು ಕರಗುವುದಿಲ್ಲವಾದ್ದರಿಂದ ಅದಕ್ಕೆ ಅಂಗಡಿಯ ಚೀಸನ್ನು ತುರಿದು ಸೇರಿಸುವುದು ಒಳ್ಳೆಯದು. ಮೂರನೆಯದು ಚಿಚರೋನ್: ಹಂದಿಮಾಂಸವನ್ನು ಅದರದೇ ಕೊಬ್ಬಿನಲ್ಲಿ ಬೇಯಿಸಿ ಟೊಮ್ಯಾಟೊ ಸೇರಿಸಿ ರುಬ್ಬಿದ ಮುದ್ದೆ. ಮೂರನ್ನೂ ಬೆರೆಸಿದರೆ ರೆವುಯೆಲ್ತಾ. ಲೊರೊಕೊ ಎಂಬ ಬಳ್ಳಿಯ ಹಸಿರು ಮೊಗ್ಗನ್ನು ಗಿಣ್ಣಿನೊಡನೆ ತುಂಬುವುದು ಅಲ್ಲಿಯವರಿಗೆ ಬಹಳ ಪ್ರಿಯ. ಅದು ಈ ಕಡೆ ಸಿಗದು. ಕುಂಬಳ ಜಾತಿಯ ಎಳೆ ಕಾಯಿಯನ್ನು ತುರಿದು, ಉಪ್ಪು ಹಚ್ಚಿ ಹಿಂಡಿ ಗಿಣ್ಣಿಗೆ ಬೆರೆಸುವುದೂ ಉಂಟು. ಯಾವುದೇ ಆಗಲಿ, ಹೂರಣದಲ್ಲಿ ನೀರಿದ್ದರೆ ಪುಪುಸಾ ಒಡೆಯುತ್ತದೆ.

ಒಂದು ಬಟ್ಟಲು ನೀರಿಗೆ ಚಮಚ ಎಣ್ಣೆ ಹಾಕಿ ಕೈ ಅದ್ದಿಕೊಂಡು, ದೊಡ್ಡ ನಿಂಬೆಗಿಂತ ತುಸು ಹೆಚ್ಚಿನ, ಸುಮಾರು 90 ಗ್ರಾಂ ಹಿಟ್ಟನ್ನು ಬಟ್ಟಲಿನಾಕಾರ ಮಾಡಿ, 30 ಗ್ರಾಂ ಹೂರಣವಿಟ್ಟು ಬಾಯಿ ಮುಚ್ಚಬೇಕು. ಮಿಕ್ಕ ತುದಿಯ ಹಿಟ್ಟನ್ನು ಚಿವುಟಿ ತೆಗೆಯುವುದು. ಆಮೇಲೆ ಲಟ್ಟಣಿಗೆ ಬೇಡ. ಎರಡು ಅಂಗೈಗಳ ನಡುವೆ ತಿರುಗಿಸುತ್ತ ತಟ್ಟಿದರೆ ಸುಮಾರು 12 ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರಿಗಿಂತ ತುಸು ತೆಳುವಾದ ಬಿಲ್ಲೆಯಾಗುತ್ತದೆ. ಅಂಗೈಯಲ್ಲಿ ಬಾರದವರು ಎಣ್ಣೆ ಸವರಿದ ಬಾಳೆಎಲೆಯ ಮೇಲೆ ತಟ್ಟಿಕೊಳ್ಳಬಹುದು. ಎಣ್ಣೆ ಸವರಿದ, ಚೆನ್ನಾಗಿ ಕಾದ ಹಂಚಿನಲ್ಲಿ ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲು ನಾಲ್ಕು ನಿಮಿಷದಷ್ಟು ಬೇಯಬೇಕು. ಕಂದು ಚುಕ್ಕೆ ಬಿದ್ದು, ನಡುವೆ ಸ್ವಲ್ಪ ಉಬ್ಬಿ, ಅಂಚಿನಲ್ಲೆಲ್ಲೋ ಗಿಣ್ಣು ಜಿನುಗಿ ಕಂದಾದರೆ ಹದ ಬಂದಂತೆ. ಒಂದು ಕಿಲೋ ಕಾಳಿನಿಂದ ಹದಿನೆಂಟು ಇಪ್ಪತ್ತು ಆಗುತ್ತವೆ.

ಕುರ್ತಿದೊ

ಇದಿಲ್ಲದೆ ಪುಪುಸಾ ಬಡಿಸುವುದಿಲ್ಲ. ಹಿಂದಿನ ದಿನವೇ ಅರ್ಧ ಕಿಲೋ ಎಲೆಕೋಸನ್ನು ಎಳೆಯಾಗಿ ಹೆಚ್ಚಿ, ಕುದಿಯುವ ನೀರು ಸುರಿದು ಅರ್ಧ ನಿಮಿಷಕ್ಕೆ ಬಸಿಯಬೇಕು. ತುರಿದ ಒಂದು ಗಜ್ಜರಿ, ತೆಳುವಾಗಿ ಸೀಳಿದ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಒಂದು ಚಮಚ ಒಣ ಓರೆಗಾನೊ ಎಲೆ ಸೇರಿಸಿ, ಅರ್ಧ ಬಟ್ಟಲು ವಿನೆಗರ್ ಮತ್ತು ಅಷ್ಟೇ ನೀರು ಹಾಕಿ ಗಾಜಿನ ಭರಣಿಯಲ್ಲಿ ಒತ್ತಿಡಬೇಕು. ಓರೆಗಾನೊ ಸಿಗದಿದ್ದರೆ ಎರಡು ದೊಡ್ಡಪತ್ರೆ ಎಲೆ ಹೆಚ್ಚಿ ಹಾಕಿದರೆ ಪರಿಮಳ ಹತ್ತಿರ ಹತ್ತಿರ ಬರುತ್ತದೆ. ಮರುದಿನ ಬಿಸಿ ಪುಪುಸಾದ ಮೇಲೆ ಇದನ್ನೂ, ಖಾರವಿಲ್ಲದ ತೆಳು ಟೊಮ್ಯಾಟೊ ಸಾರನ್ನೂ ಹಾಕಿಕೊಂಡು ಕೈಯಲ್ಲಿಯೇ ಮುರಿದು ತಿನ್ನುತ್ತಾರೆ. ಉಳಿದ ಹಿಟ್ಟು ಬೇಸಗೆಯಲ್ಲಿ ಸಂಜೆಯೊಳಗೆ ಹುಳಿಯಾಗುವುದರಿಂದ, ಬೆಂದು ತೊಳೆದ ಕಾಳನ್ನೇ ಶೀತಕದಲ್ಲಿಟ್ಟು ಬೇಕಾದಷ್ಟನ್ನು ಆಗಾಗ ಅರೆದುಕೊಳ್ಳುವುದು ಅನುಕೂಲ. ಎರಡು ಮೂರು ದಿನ ಕೆಡುವುದಿಲ್ಲ.