ಡಿಸ್ಕ್ ಸರಿ ಇದೆ, ಡೇಟಾ ಯಾಕೆ ಹಾಳಾಯ್ತು?

ಗೆಳೆಯರೇ, ಈ ಪಾಠ ನಮ್ಮದೇ ತಪ್ಪಿನಿಂದ ಶುರು ಆಗ್ತದೆ.

ರಜೆಯಲ್ಲಿ ಸುರಪುರಕ್ಕೆ ಹೋಗಿ, ನಮ್ಮಲ್ಲೊಬ್ಬನ ಅಜ್ಜಿ ಹಾಡಿದ ಹದಿನಾಲ್ಕು ಬೀಸುವ ಪದಗಳನ್ನು ರೆಕಾರ್ಡ್ ಮಾಡಿದೆವು. ಶಹಾಪುರದ ಮನೆಯ ಹಳೇ ಪಿಸಿಗೆ ಕಾಪಿ ಮಾಡಿ, ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆವು. ಮರುದಿನ ಕೇಳಿದರೆ ಕೆಲವು ಪದಗಳ ನಡುವೆ ಬರೀ ಗರಗರ ಸದ್ದು. ಒಂದು ಎರರ್ ಮೆಸೇಜೂ ಇಲ್ಲ. ಡಿಸ್ಕೇ ಹೋಗ್ಯಾದ ಅಂದುಕೊಂಡು ಯಾದಗಿರಿಯಿಂದ ಹೊಸದು ತಂದು ಹಾಕಿದೆವು. ಅದರಲ್ಲೂ ಅದೇ ಕಥೆ!

ಎರರ್ ಯಾಕೆ ಬರಲಿಲ್ಲ? ಡಿಸ್ಕಿನೊಳಗೆ ಡೇಟಾವನ್ನು ಇಸಿಸಿ ಕಾಯುತ್ತದೆ. ಸಾಟಾ ಕೇಬಲ್ ಮೇಲೆ ಹೋಗುವಾಗ ಸಿಆರ್‌ಸಿ ಕಾಯುತ್ತದೆ. ಆದರೆ ಕಂಟ್ರೋಲರ್ ಒಳಗೇ ಒಂದು ಬಿಟ್ ಬದಲಾದರೆ, ಆ ಹಾಳಾದ ಡೇಟಾಗೇ ಸರಿಯಾದ ಸಿಆರ್‌ಸಿ ಲೆಕ್ಕ ಹಾಕಿ ಮುಂದೆ ಕಳಿಸುತ್ತದೆ. ಡಿಸ್ಕ್ ಅದನ್ನೇ ನಂಬಿ ಬರೆದುಕೊಳ್ಳುತ್ತದೆ. ಇದು ಹೊಸ ರೋಗವಲ್ಲ. 1990ರ ದಶಕದಲ್ಲಿ ಸಿಎಮ್‌ಡಿ640, ಆರ್‌ಝಡ್1000 ಎಂಬ ಐಡಿಇ ಕಂಟ್ರೋಲರ್ ಚಿಪ್‌ಗಳು ಹೀಗೇ ಡೇಟಾ ಕೆಡಿಸುತ್ತಿದ್ದವು. ಲಿನಕ್ಸ್ ಕರ್ನಲ್‌ನಲ್ಲಿ ಅವುಗಳಿಗಾಗಿಯೇ ಕೋಡ್ ಸೇರಿಸಬೇಕಾಯಿತು.

ಹಾಗಾದರೆ ಹುಡುಕುವುದು ಹೇಗೆ?

1. ಮೊದಲು ಬರೆಯುವುದನ್ನು ನಿಲ್ಲಿಸಿ. ರಿಪೇರಿ ಟೂಲ್ ಓಡಿಸಬೇಡಿ. ಅದೂ ಅದೇ ಕೆಟ್ಟ ದಾರಿಯಲ್ಲೇ ಬರೆಯುತ್ತದೆ.

2. ಒಂದು ದೊಡ್ಡ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ಮೂರು ಸಲ ತೆಗೆಯಿರಿ. ಪ್ರತಿ ಸಲ ರೀಬೂಟ್ ಮಾಡಿ, ಇಲ್ಲಾಂದ್ರೆ ಉತ್ತರ ಡಿಸ್ಕಿನ ಬದಲು ರ‍್ಯಾಮ್‌ನಲ್ಲಿರುವ ಕ್ಯಾಶೆಯಿಂದ ಬರಬಹುದು. ನಮಗೆ ಮೂರು ಸಲಕ್ಕೆ ಮೂರು ಹ್ಯಾಶ್ ಬಂದವು. ಫೈಲ್ ಅದೇ, ಅಂದರೆ ತಪ್ಪು ಓದುವ ದಾರಿಯಲ್ಲಿದೆ.

3. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ. ನಮ್ಮ ರ‍್ಯಾಮ್ ಪಾಸಾಯ್ತು.

4. ಸ್ಮಾರ್ಟ್ ವರದಿ ನೋಡಿ. 5, 197 ಏರುತ್ತಿದ್ದರೆ ಡಿಸ್ಕ್ ಮೇಲೆ ಸಂಶಯ. 199 ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ ಮೇಲೆ. ನಮ್ಮಲ್ಲಿ ಮೂರೂ ಸೊನ್ನೆ.

5. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಕೇಬಲ್ ಬದಲಿಸಿದೆವು, ಫರಕ್ ಬೀಳಲಿಲ್ಲ. ನಮ್ಮ ಡಿಸ್ಕ್ ಬೇರೆಯಾಗಿ ಹಾಕಿಸಿದ್ದ ಒಂದು ಸಾಟಾ ಕಾರ್ಡಿಗೆ ಜೋಡಿಸಿತ್ತು. ಅದನ್ನು ಬಿಟ್ಟು ಮದರ್‌ಬೋರ್ಡಿನ ಪೋರ್ಟಿಗೇ ಹಾಕಿದಾಗ ಮೂರು ಸಲವೂ ಒಂದೇ ಹ್ಯಾಶ್! ಕಳ್ಳ ಸಿಕ್ಕ.

ಓದುವಾಗ ಮಾತ್ರ ಕೆಟ್ಟಿದ್ದ ಫೈಲುಗಳು ಆ ಹೊತ್ತಿಗೇ ಸರಿಯಾದವು. ಬರೆಯುವಾಗಲೇ ಕೆಟ್ಟಿದ್ದ ಮೂರು ಪದ ಬರಲಿಲ್ಲ. ಮತ್ತೆ ಸುರಪುರಕ್ಕೆ ಹೋದೆವು. ಅಜ್ಜಿ ಬೇಸರ ಮಾಡಿಕೊಳ್ಳದೆ ಎರಡು ಪದ ಹಾಡಿದರು. ಮೂರನೆಯದು ಎಷ್ಟು ಹೊತ್ತು ಕೂತರೂ ಅವರಿಗೆ ನೆನಪಾಗಲಿಲ್ಲ.

ಡಿಸ್ಕ್ ಮಿರರ್ ಮಾಡಿದ್ದರೂ ಇದು ತಪ್ಪುತ್ತಿರಲಿಲ್ಲ. ಕೆಟ್ಟ ಡೇಟಾ ಎರಡೂ ಕಡೆ ಹೋಗುತ್ತಿತ್ತು. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಮ್‌ಗಳು ಚೆಕ್‌ಸಮ್ ಇಟ್ಟುಕೊಳ್ಳುವುದರಿಂದ ಓದುವಾಗ ಎಚ್ಚರಿಸುತ್ತವೆ. ಅದಿಲ್ಲದಿದ್ದರೂ ನಮ್ಮ ಕೈಯಲ್ಲಿ ಒಂದು ಕೆಲಸ ಇದೆ: ಕಾಪಿ ಆದಮೇಲೆ ರೀಬೂಟ್ ಮಾಡಿ ಎರಡೂ ಕಡೆಯ ಹ್ಯಾಶ್ ಹೋಲಿಸಿ. ಕಾರ್ಡ್ ಫಾರ್ಮ್ಯಾಟ್ ಮಾಡೋದು ಆಮೇಲೆ.