ಇಪ್ಪತ್ತು ವರ್ಷ ಕಾಯುವ ಸಿಹಿ ವೈನ್: ರೂಸಿಯೋನ್ ಬೆಳೆಗಾರರ ಕ್ರಮ ಮತ್ತು ಲೆಕ್ಕ

ದ್ರಾಕ್ಷಿ ಬಹುಬೇಗ ಕೆಡುವ ಬೆಳೆ. ಕೊಯ್ದೊಡನೆ ಮಾರಿ ಕೈತೊಳೆದುಕೊಳ್ಳುವುದೇ ಲೇಸೆಂಬುದು ಬೆಳೆಗಾರರೆಲ್ಲರ ಅನುಭವ. ಆದರೆ ತಾವು ಬೆಳೆದ ದ್ರಾಕ್ಷಿಯಿಂದ ವೈನ್ ತಯಾರಿಸಿ, ಅದನ್ನು ಇಪ್ಪತ್ತು, ಮೂವತ್ತು ವರ್ಷ ಪೀಪಾಯಿಯಲ್ಲಿಟ್ಟು ಅನಂತರ ಮಾರುವ ರೈತ ಕುಟುಂಬಗಳೂ ಇವೆ. ಫ್ರಾನ್ಸಿನ ದಕ್ಷಿಣದಲ್ಲಿ, ಸ್ಪೇನಿನ ಗಡಿಗೆ ಹೊಂದಿಕೊಂಡಿರುವ ರೂಸಿಯೋನ್ ಪ್ರಾಂತದ ‘ರಿವ್‌ಸಾಲ್ಟ್’ ಎಂಬ ಸಿಹಿ ವೈನ್ ಇಂತಹುದು. ಅಲ್ಲಿಯ ಅಗ್ಲಿ ನದಿಯ ಕಣಿವೆಯಲ್ಲಿರುವ ಲಾತೂರ್ ದ ಫ್ರಾನ್ಸ್ ಗ್ರಾಮದ ‘ಡೊಮೇನ್ ದ ರಾನ್ಸಿ’ ಎಂಬ ಕುಟುಂಬದ ತೋಟ ಇಂತಹ ಹಳೆಯ ವೈನಿಗೆ ಹೆಸರಾಗಿದೆ. ಈ ವೈನನ್ನು ತಯಾರಿಸುವ ಕ್ರಮವೇನು, ಅದು ಅಷ್ಟು ಕಾಲ ಕೆಡದಿರಲು ಕಾರಣವೇನು, ಕಾಯುವುದಕ್ಕೆ ಬೆಳೆಗಾರ ತೆರುವ ಬೆಲೆ ಎಷ್ಟು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ನೆಲ ಮತ್ತು ತಳಿ

ಇದು ಕಲ್ಲು ನೆಲದ, ಬಿಸಿಲು ಹೆಚ್ಚಾಗಿರುವ, ಮಳೆ ಕಡಿಮೆ ಇರುವ ಪ್ರದೇಶ. ‘ತ್ರಾಮೊಂತಾನ್’ ಎಂಬ ಒಣ ಗಾಳಿ ಬಲವಾಗಿ ಬೀಸುವುದರಿಂದ ಗೊಂಚಲು ಬೇಗ ಆರಿ, ಬೂಷ್ಟು ರೋಗದ ಕಾಟ ತಗ್ಗುತ್ತದೆ. ಹಳೆಯ ಬಳ್ಳಿಗಳನ್ನು ಚಪ್ಪರವಿಲ್ಲದೆ ಗಿಡ್ಡ ಪೊದೆಯಂತೆ ಬೆಳೆಸಲಾಗಿದೆ. ಗ್ರೆನಾಶ್ ಮತ್ತು ಮಕಾಬ್ಯೂ ಇಲ್ಲಿಯ ಮುಖ್ಯ ತಳಿಗಳು.

1936ರಲ್ಲಿ ಈ ವೈನಿಗೆ ಮೂಲಸ್ಥಾನದ ಹೆಸರಿನ ರಕ್ಷಣೆ ದೊರೆಯಿತು. ಈ ಹೆಸರಿನಲ್ಲಿ ಮಾರಬೇಕಾದರೆ ಹೆಕ್ಟೇರಿಗೆ 3,000 ಲೀಟರಿಗಿಂತ, ಅಂದರೆ ಎಕರೆಗೆ ಸುಮಾರು 1,200 ಲೀಟರಿಗಿಂತ ಹೆಚ್ಚು ಇಳುವರಿ ತೆಗೆಯುವಂತಿಲ್ಲ. ಹಿಂಡಿದ ರಸದಲ್ಲಿ ಲೀಟರಿಗೆ ಕನಿಷ್ಠ 252 ಗ್ರಾಂ ಸಕ್ಕರೆ ಇರಬೇಕು. ಆದ್ದರಿಂದ ಹಣ್ಣು ಬಳ್ಳಿಯಲ್ಲೇ ಚೆನ್ನಾಗಿ ಕಳಿಯುವವರೆಗೆ ಕೊಯ್ಲು ಮಾಡುವುದಿಲ್ಲ.

ಹುದುಗನ್ನು ನಡುವೆ ನಿಲ್ಲಿಸುವುದು

ರಸ ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಹಾಗೆಯೇ ಬಿಟ್ಟರೆ ಸಿಹಿ ಬಹುಪಾಲು ಇಲ್ಲವಾಗುತ್ತದೆ. ಸಿಹಿ ಉಳಿಯಬೇಕಾದರೆ ಯೀಸ್ಟಿನ ಕೆಲಸವನ್ನು ಅರ್ಧದಲ್ಲೇ ನಿಲ್ಲಿಸಬೇಕು. ಇದಕ್ಕಾಗಿ ರುಚಿ, ವಾಸನೆ ಇಲ್ಲದ ಗಾಢ ಮದ್ಯಸಾರವನ್ನು ಸೇರಿಸಲಾಗುತ್ತದೆ. 13ನೆಯ ಶತಮಾನದ ಕೊನೆಯಲ್ಲಿ ಮೊಂಪೆಲಿಯೆ ನಗರದ ವೈದ್ಯ ಅರ್ನಾವ್ ದ ವಿಲಾನೋವ ಈ ವಿಧಾನವನ್ನು ಕಂಡುಹಿಡಿದನೆಂದು ಪ್ರತೀತಿ.

ಒಂದು ಉದಾಹರಣೆ ನೋಡಿ. 100 ಲೀಟರ್ ರಸದಲ್ಲಿ 25.2 ಕಿಲೋ ಸಕ್ಕರೆ ಇದೆ. ಶೇಕಡ 1ರಷ್ಟು ಮದ್ಯಸಾರ ಹುಟ್ಟಲು ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಬೇಕು. ಮದ್ಯಸಾರ ಶೇಕಡ 7 ತಲುಪುವ ವೇಳೆಗೆ ಸುಮಾರು 12 ಕಿಲೋ ಸಕ್ಕರೆ ಕರಗಿ, 13 ಕಿಲೋ ಉಳಿದಿರುತ್ತದೆ. ಆಗ ಶೇಕಡ 96ರ ಮದ್ಯಸಾರ 10 ಲೀಟರ್ ಸೇರಿಸಿದರೆ ಒಟ್ಟು 110 ಲೀಟರ್ ಆಗುತ್ತದೆ. ಅದರಲ್ಲಿ ಮದ್ಯಸಾರ ಶೇಕಡ 15ರಷ್ಟು, ಸಕ್ಕರೆ ಲೀಟರಿಗೆ 120 ಗ್ರಾಂನಷ್ಟು ಇರುತ್ತದೆ. ಯೀಸ್ಟ್ ಅಲ್ಲಿಗೆ ಸೋಲುತ್ತದೆ. ಒಂದು ದಿನ ತಡವಾದರೂ ಸಿಹಿ ಕಡಿಮೆಯಾಗುವುದರಿಂದ ಈ ಹಂತದಲ್ಲಿ ರಸವನ್ನು ಮತ್ತೆ ಮತ್ತೆ ಅಳೆದು ನೋಡುವುದು ಅಗತ್ಯ.

ಗಾಳಿ ತಗುಲಿದರೂ ಕೆಡದಿರಲು ಕಾರಣ

ಸಾಮಾನ್ಯ ವೈನಿನ ಪೀಪಾಯಿಯನ್ನು ಸದಾ ತುಂಬಿಡಬೇಕು. ಇಲ್ಲವಾದರೆ ಗಾಳಿ ಸೇರಿ ಹುಳಿ ವಿನೆಗರ್ ಆಗುತ್ತದೆ. ರಿವ್‌ಸಾಲ್ಟ್ ವೈನಿನ ಪೀಪಾಯಿಯಲ್ಲಾದರೋ ಬೇಕೆಂದೇ ಜಾಗ ಬಿಡುವುದುಂಟು. ಮದ್ಯಸಾರ ಶೇಕಡ 15 ದಾಟಿದಾಗ ವಿನೆಗರ್ ಮಾಡುವ ಬ್ಯಾಕ್ಟೀರಿಯಗಳ ಆಟ ನಡೆಯದು. ಗಾಳಿ ಆಗ ಶತ್ರುವಾಗದೆ ಕೆಲಸಗಾರನಾಗುತ್ತದೆ.

ವರ್ಷಗಳು ಕಳೆದಂತೆ ಬಿಳಿ ವೈನ್ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ‘ಆಂಬ್ರೆ’ ಎಂದು ಹೆಸರು. ಕೆಂಪು ವೈನ್ ಹೆಂಚಿನ ಬಣ್ಣಕ್ಕೆ ಬರುತ್ತದೆ. ಹೆಂಚಿನ ಹೆಸರಿನಿಂದಲೇ ಅದನ್ನು ‘ತ್ವಿಲೆ’ ಎನ್ನುವರು. ಕನಿಷ್ಠ ಐದು ವರ್ಷ ಇಟ್ಟ ವೈನಿಗೆ ‘ಓರ್ ದಾಜ್’ ಎಂಬ ದರ್ಜೆ ಇದೆ. ಒಣದ್ರಾಕ್ಷಿ, ಅಕ್ರೋಟು, ಕಂದಿದ ಸಕ್ಕರೆಯ ಪರಿಮಳಗಳು ಕ್ರಮೇಣ ಮೂಡುತ್ತವೆ. ಈ ಪರಿಮಳಕ್ಕೆ ಮುಖ್ಯ ಕಾರಣಗಳಲ್ಲೊಂದು ಸೋಟೊಲಾನ್ ಎಂಬ ರಾಸಾಯನಿಕ. ನಮ್ಮ ಅಡಿಗೆಮನೆಯ ಮೆಂತ್ಯದ ಘಮಕ್ಕೂ ಅದೇ ಕಾರಣ.

ಎಲ್ಲ ತಳಿಗೂ ಕಾಯುವಿಕೆ ಒಗ್ಗದು. ಇದೇ ಪ್ರಾಂತದ ಮಸ್ಕತ್ ದ್ರಾಕ್ಷಿಯ ಸಿಹಿ ವೈನನ್ನು ಹೊಸದಿರುವಾಗಲೇ ಮಾರುತ್ತಾರೆ. ಅದರ ಬೆಲೆ ಇರುವುದು ತಾಜಾ ಹಣ್ಣಿನ ಪರಿಮಳದಲ್ಲಿ.

ಕಾಯುವುದರ ಖರ್ಚು

ಮರದ ಪೀಪಾಯಿಯಿಂದ ಪ್ರತಿವರ್ಷ ಸ್ವಲ್ಪ ವೈನ್ ಆವಿಯಾಗಿ ಹೋಗುತ್ತದೆ. ಉಗ್ರಾಣದ ಬಿಸಿ, ತೇವ ಮತ್ತು ಪೀಪಾಯಿಯ ಗಾತ್ರಕ್ಕೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುವುದು. ಸಕ್ಕರೆ ಆವಿಯಾಗದ ಕಾರಣ ಉಳಿದದ್ದು ಗಟ್ಟಿಯಾಗುತ್ತ ಹೋಗುತ್ತದೆ. ವರ್ಷಕ್ಕೆ ಶೇಕಡ 3 ನಷ್ಟವೆಂದು ಇಟ್ಟುಕೊಂಡರೆ, 100 ಲೀಟರಿನಲ್ಲಿ ಉಳಿಯುವುದು ಇಷ್ಟು:

10 ವರ್ಷಕ್ಕೆ – 74 ಲೀಟರ್
20 ವರ್ಷಕ್ಕೆ – 54 ಲೀಟರ್
40 ವರ್ಷಕ್ಕೆ – 30 ಲೀಟರ್

ಇನ್ನು ಬಡ್ಡಿಯ ಮಾತು. ಹೊಸ ವೈನಿಗೆ ಲೀಟರಿಗೆ 100 ರೂಪಾಯಿ ಬೆಲೆ ಇದ್ದು, ಶೇಕಡ 8ರ ಚಕ್ರಬಡ್ಡಿ ಹಿಡಿದರೆ, 20 ವರ್ಷದ ನಂತರ ಅದೇ ವೈನ್ ಲೀಟರಿಗೆ ಸುಮಾರು 860 ರೂಪಾಯಿಗೆ ಮಾರಿದಾಗ ಮಾತ್ರ ಅಸಲು ಗಿಟ್ಟುತ್ತದೆ. ಪೀಪಾಯಿ, ಉಗ್ರಾಣ, ಆಳಿನ ಖರ್ಚು ಇದರಲ್ಲಿ ಸೇರಿಲ್ಲ. ಇಷ್ಟಾದರೂ ಆಗ ಕೊಳ್ಳುವವರು ಇರುತ್ತಾರೆಂಬ ಖಾತರಿಯಿಲ್ಲ. 1980ರ ದಶಕದಿಂದೀಚೆಗೆ ಫ್ರಾನ್ಸಿನಲ್ಲಿ ಇಂತಹ ಸಿಹಿ ವೈನ್ ಕುಡಿಯುವವರು ಕಡಿಮೆಯಾದರು. 1990ರ ದಶಕದಲ್ಲಿ ರೂಸಿಯೋನಿನ ಅನೇಕ ಬೆಳೆಗಾರರು ಬಳ್ಳಿಗಳನ್ನು ಕಿತ್ತರು ಇಲ್ಲವೇ ಸಿಹಿಯಿಲ್ಲದ ವೈನಿನ ಕಡೆ ತಿರುಗಿದರು.

ಆದ್ದರಿಂದ ತಿಳಿದ ಬೆಳೆಗಾರ ಇಡೀ ಬೆಳೆಯನ್ನು ಕಾಯಲು ಇಡುವುದಿಲ್ಲ. ಸಿಹಿಯಿಲ್ಲದ ವೈನ್ ಮತ್ತು ಎಳೆಯ ವೈನ್ ಮಾರಿ ವರ್ಷದ ಸಂಸಾರ ಸಾಗಿಸಿ, ಕೆಲವು ಪೀಪಾಯಿಗಳನ್ನು ಮಾತ್ರ ಮುಂದಿನ ತಲೆಗೆ ಎತ್ತಿಡುತ್ತಾನೆ. ತಾತ ತುಂಬಿದ ಪೀಪಾಯಿಯನ್ನು ಮೊಮ್ಮಗ ತೆರೆಯುವುದು ಹೀಗೆ.

ನೀವು ಗಮನಿಸಬೇಕಾದ ಅಂಶಗಳು

1. ಪರವಾನಗಿ ಇಲ್ಲದೆ ವೈನ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಮೇಲಿನ ವಿವರ ಮನೆಯಲ್ಲಿ ಪ್ರಯೋಗ ಮಾಡುವುದಕ್ಕಲ್ಲ.

2. ಗುಣದಿಂದ ಹೆಸರು ಗಳಿಸಬೇಕಾದ ಬೆಳೆಗೆ ಇಳುವರಿಯ ಮಿತಿ ಅಗತ್ಯ. ಬಳ್ಳಿಗೆ ಹೊರೆ ಹೆಚ್ಚಿದಷ್ಟೂ ಹಣ್ಣಿನಲ್ಲಿ ಸಕ್ಕರೆ ತಗ್ಗುತ್ತದೆ.

3. ಒಣದ್ರಾಕ್ಷಿಯಾಗಲಿ ಬೆಲ್ಲವಾಗಲಿ, ದಾಸ್ತಾನು ಇಡುವ ಮೊದಲು ತೂಕದ ನಷ್ಟ, ಬಡ್ಡಿ, ಉಗ್ರಾಣದ ಖರ್ಚು, ಈ ಮೂರನ್ನೂ ಕಾಗದದ ಮೇಲೆ ಬರೆದು ನೋಡಿ. ಬೆಲೆ ಏರಿದ ಮಾತ್ರಕ್ಕೆ ಲಾಭ ಬಂದಂತಲ್ಲ.

4. ಸಾಲ ತೀರಿಸಬೇಕಾದ ಬೆಳೆಯನ್ನು ಕಾಯಲು ಇಡಬೇಡಿ. ಮನೆಯ ಖರ್ಚು ಕಳೆದು ಉಳಿದ ಪಾಲನ್ನು ಮಾತ್ರ ಇಡಿ.