ಕಂಪ್ಯೂಟರ್ ವಿದ್ಯಾರ್ಥಿಯೂ ಶಾಖೆಯ ಆಯ್ಕೆಯೂ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಿಚಾರವೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ನಮ್ಮಲ್ಲಿ ಅನೇಕರ ಅಣ್ಣನೋ ತಂಗಿಯೋ ಆ ವಿದ್ಯೆಯನ್ನು ಕಲಿಯುತ್ತಿರುತ್ತಾರೆ. ಮನೆಯಲ್ಲಿ ಮಾತು ಬಂದಾಗ ಸಲಹೆ ಕೊಡುವ ಸರದಿ ನಮಗೂ ಬರುತ್ತದೆ. ತರ್ಕಶಾಸ್ತ್ರ ಬೋಧಿಸುವ ನನಗೂ ಅದು ಬಂದಿತು. ನನ್ನ ತಂಗಿಯ ಮಗ ಕಂಪ್ಯೂಟರ್ ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿದ್ದಾನೆ. ಐಚ್ಛಿಕ ವಿಷಯಗಳ ಪಟ್ಟಿಯನ್ನು ಹಿಡಿದು ಬಂದವನು, "ಮಾವ, ನಮ್ಮ ತರಗತಿಯವರೆಲ್ಲ ಕೃತಕ ಬುದ್ಧಿಮತ್ತೆಯನ್ನೇ ಆರಿಸಿಕೊಳ್ಳುತ್ತಿದ್ದಾರೆ. ನನಗೆ ನೆಟ್‌ವರ್ಕ್ ಇಷ್ಟ. ನಾಳೆ ಕೆಲಸ ಸಿಕ್ಕದೆ ಹೋದರೆ ಏನು ಗತಿ?" ಎಂದು ಕೇಳಿದ. ಅವನ ಓದಿಗೆ ಬ್ಯಾಂಕಿನ ಸಾಲವಿದೆ. ಆದ್ದರಿಂದ ಇದು ಬರಿಯ ಅಭಿರುಚಿಯ ಪ್ರಶ್ನೆಯಾಗಿರಲಿಲ್ಲ.

ಬೇಡಿಕೆಯ ಮಾತನ್ನು ತಳ್ಳಿಹಾಕುವಂತಿಲ್ಲ; ಆದರೆ ಆ ಬೇಡಿಕೆ ಎಷ್ಟು ದಿನದ್ದು ಎಂಬುದನ್ನೂ ಕೇಳಬೇಕು. ಹಿಂದೆ ಬ್ಯಾಂಕು, ವಿಮಾ ಸಂಸ್ಥೆಗಳ ಲೆಕ್ಕಗಳಿಗೆ ಕೋಬಾಲ್ ಎಂಬ ಭಾಷೆಯಲ್ಲಿ ಪ್ರೋಗ್ರಾಮುಗಳನ್ನು ಬರೆಯುತ್ತಿದ್ದರು. ಜಾಗ ಉಳಿಸಲೆಂದು ಅನೇಕ ಕಡೆ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಇಟ್ಟಿದ್ದರು. ೨೦೦೦ನೆಯ ಇಸವಿಯನ್ನು ಯಂತ್ರವು ೧೯೦೦ ಎಂದು ತಿಳಿದೀತೆಂಬ ಭಯ ಹುಟ್ಟಿದಾಗ, ಆ ಹಳೆಯ ಭಾಷೆ ಬಲ್ಲವರಿಗೆ ಬೆಂಗಳೂರಿನಲ್ಲಿ ಎಲ್ಲಿಲ್ಲದ ಕರೆ ಬಂದಿತು. ಇಸವಿ ತಿದ್ದುವ ಕೆಲಸ ಮುಗಿದ ಮೇಲೆ ಆ ಕರೆಯೂ ಇಳಿಯಿತು. ಭಾಷೆಯೇನೋ ಸತ್ತಿಲ್ಲ; ಇಂದಿಗೂ ಹಲವು ಬ್ಯಾಂಕುಗಳಲ್ಲಿ ಅದು ದುಡಿಯುತ್ತಿದೆ. ಆದರೆ ಅಂಕಿ ತಿದ್ದುವುದನ್ನು ಮಾತ್ರ ಕಲಿತವನ ಪಾಡೂ ಲೆಕ್ಕದ ಒಳಮರ್ಮವನ್ನು ತಿಳಿದವನ ಪಾಡೂ ಒಂದೇ ಆಗಿರಲಾರವು.

ಇಂದು ಎಲ್ಲರೂ ಹಿಂಬಾಲಿಸುತ್ತಿರುವ ಕೃತಕ ಬುದ್ಧಿಮತ್ತೆಯ ಕಥೆ ಇನ್ನೂ ಸ್ವಾರಸ್ಯವಾದುದು. ಮಿದುಳಿನ ನರಕೋಶಗಳನ್ನು ಅನುಕರಿಸಿ ಕಲಿಯುವ 'ಪರ್ಸೆಪ್ಟ್ರಾನ್' ಎಂಬ ಯಂತ್ರವಿಧಾನವನ್ನು ೧೯೫೮ರಲ್ಲಿ ಪ್ರಕಟಿಸಿದ ಫ್ರಾಂಕ್ ರೋಸೆನ್‌ಬ್ಲಾಟ್ ಎಂಬಾತ ಮನಶ್ಶಾಸ್ತ್ರಜ್ಞ. ೧೯೬೯ರಲ್ಲಿ ಮಿನ್ಸ್ಕಿ ಮತ್ತು ಪೇಪರ್ಟ್ ಎಂಬ ವಿದ್ವಾಂಸರು ಅದರ ಮಿತಿಗಳನ್ನು ಗಣಿತದಿಂದಲೇ ತೋರಿಸಿದರು. ಆಮೇಲೆ ಆ ಮಾರ್ಗದಲ್ಲಿ ಹಣವೂ ಉತ್ಸಾಹವೂ ಬತ್ತಿದವು. ಜೆಫ್ರಿ ಹಿಂಟನ್ ಆ ವಿಷಯಕ್ಕೆ ಕೈಹಾಕಿದ್ದು ಇಂತಹ ಕಾಲದಲ್ಲಿ. ಕೇಂಬ್ರಿಜ್‌ನಲ್ಲಿ ಈತ ಪಡೆದ ಮೊದಲ ಪದವಿಯೂ ಮನಶ್ಶಾಸ್ತ್ರದ್ದೇ (ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು!). ಹಲವು ಪದರಗಳ ಜಾಲಕ್ಕೆ ಅದರ ತಪ್ಪಿನಿಂದಲೇ ಪಾಠ ಕಲಿಸುವ ಬಗೆಯನ್ನು ೧೯೮೬ರಲ್ಲಿ ಇಬ್ಬರು ಸಂಗಡಿಗರೊಡನೆ ನಿರೂಪಿಸಿದರು. ೨೦೧೨ರಲ್ಲಿ ಶಿಷ್ಯರಿಬ್ಬರೊಡನೆ ರಚಿಸಿದ ಜಾಲವು ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದವುಗಳನ್ನು ಬಹುದೂರ ಹಿಂದಿಕ್ಕಿದ ಮೇಲೆಯೇ ಲೋಕ ತಿರುಗಿ ನೋಡಿದ್ದು. ೨೦೨೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಾಪ್‌ಫೀಲ್ಡ್ ಅವರೊಡನೆ ಹಂಚಿಕೊಂಡರು. ೧೯೭೫ರಲ್ಲಿ ಯಾರಾದರೂ ಬೇಡಿಕೆಯನ್ನು ನೋಡಿ ಶಾಖೆ ಆರಿಸಿದ್ದರೆ ಈ ದಾರಿಗೆ ಕಾಲಿಡುತ್ತಿದ್ದರೇ?

ಹಾಗೆಂದು ಸಾಲವಿರುವ ಹುಡುಗನಿಗೆ ನಾಲ್ವತ್ತು ವರ್ಷ ಕಾಯೆಂದು ಹೇಳುವುದು ಕ್ರೌರ್ಯ. ಅವನಿಗೆ ನಾನು ಹೇಳಿದ್ದು ಬೇರೆ. ಶಾಖೆಗಳು ಗೋಡೆ ಹಾಕಿದ ಕೋಣೆಗಳಲ್ಲ. ಇಂದಿನ ದೊಡ್ಡ ಭಾಷಾ ಮಾದರಿಗಳನ್ನು ತರಬೇತುಗೊಳಿಸಲು ಸಾವಿರಾರು ಸಂಸ್ಕಾರಕಗಳು ಕ್ಷಣಕ್ಷಣಕ್ಕೂ ತಮ್ಮ ತಮ್ಮ ಲೆಕ್ಕವನ್ನು ಹಂಚಿಕೊಳ್ಳಬೇಕು. ನಡುವಣ ಜಾಲ ನಿಧಾನವಾದರೆ ಅಷ್ಟು ಯಂತ್ರಗಳೂ ಕೈಕಟ್ಟಿ ಕುಳಿತಿರುತ್ತವೆ. ಆದ್ದರಿಂದ ನೆಟ್‌ವರ್ಕ್ ಬಲ್ಲವನು ಆ ಲೋಕಕ್ಕೆ ಹೊರಗಿನವನಲ್ಲ. ಮೇಲಾಗಿ, ೧೯೮೩ರ ಜನವರಿ ೧ರಂದು ಅಮೆರಿಕದ ಆರ್ಪಾನೆಟ್ ಜಾಲವು ಅಳವಡಿಸಿಕೊಂಡ ಟಿಸಿಪಿ-ಐಪಿ ನಿಯಮಗಳ ತಳಹದಿಯ ಮೇಲೆಯೇ ಇಂದಿನ ಅಂತರಜಾಲವೂ ನಿಂತಿದೆ. ಇಷ್ಟು ಬಾಳುವ ಪಾಠಗಳು ಆ ವಿದ್ಯೆಯಲ್ಲಿ ಹೆಚ್ಚಿಲ್ಲ. ದತ್ತಾಂಶ ರಚನೆ, ಕ್ರಮವಿಧಿ, ಆಪರೇಟಿಂಗ್ ಸಿಸ್ಟಮ್ ಇವೂ ಅದೇ ಜಾತಿಯವು. ಯಾವ ಶಾಖೆಗೆ ಹೋಗುವವನೂ ಇವನ್ನು ಬಿಡಕೂಡದು. ಕೆಲಸಕ್ಕೆ ಆರಿಸುವ ಪರೀಕ್ಷೆಗಳಲ್ಲಿಯೂ ಇವನ್ನೇ ಹೆಚ್ಚಾಗಿ ಕೇಳುತ್ತಾರೆ.

ಇಷ್ಟವೆಂದರೇನು ಎಂಬುದನ್ನೂ ಪರೀಕ್ಷಿಸಬೇಕು. ಹೆಸರು ಕೇಳಿ ಹುಟ್ಟುವ ಇಷ್ಟ ಬೇರೆ, ಬೇಸರದ ಕೆಲಸವನ್ನೂ ಸಹಿಸಬಲ್ಲ ಇಷ್ಟ ಬೇರೆ. ಅವನಿಗೆ ಎರಡು ವಾರಗಳ ಎರಡು ಪ್ರಯೋಗಗಳನ್ನು ಸೂಚಿಸಿದೆ. ಕನ್ನಡ ಅಂಕಿಗಳ ಕೈಬರಹದ 'ಕನ್ನಡ-ಎಂನಿಸ್ಟ್' ಎಂಬ ಸಂಗ್ರಹ ೨೦೧೯ರಲ್ಲಿ ಪ್ರಕಟವಾಗಿದೆ. ಕಲಿಸಲು ೬೦,೦೦೦, ಪರೀಕ್ಷಿಸಲು ೧೦,೦೦೦ ಚಿತ್ರಗಳು ಅದರಲ್ಲಿವೆ. ಒಂದು ವಾರ ಅದರಿಂದ ಯಂತ್ರಕ್ಕೆ ಅಂಕಿ ಕಲಿಸು. ೬ ಮತ್ತು ೯ರ ನಡುವೆ ಅದು ಎಡವಿದರೆ ಏಕೆಂದು ತಪ್ಪಾದ ಚಿತ್ರಗಳನ್ನು ಒಂದೊಂದಾಗಿ ನೋಡು. ಇನ್ನೊಂದು ವಾರ, ಒಂದು ಪುಟ ತೆರೆಯುವಾಗ ಯಂತ್ರ ಮೊದಲು ಯಾರನ್ನು ವಿಳಾಸ ಕೇಳುತ್ತದೆ, ಆಮೇಲೆ ಎಷ್ಟು ಪೊಟ್ಟಣಗಳು ಹೋಗಿ ಬರುತ್ತವೆ, ಯಾವುದು ದಾರಿಯಲ್ಲಿ ಕಳೆಯಿತು ಎಂಬುದನ್ನು ವೈರ್‌ಶಾರ್ಕ್ ಎಂಬ ಸಾಧನದಿಂದ ಹಿಡಿದು ನೋಡು. ಯಾವುದು ಕೆಟ್ಟಾಗ ಊಟದ ಹೊತ್ತನ್ನು ಮರೆಯುವೆಯೋ ಅದನ್ನು ಗುರುತು ಹಾಕಿಕೋ ಎಂದೆ.

ಹುಡುಗ ಎರಡನ್ನೂ ಮಾಡಿದ. ಅಂಕಿಗಳ ಕೆಲಸ ಚೆನ್ನಾಗಿಯೇ ಆಯಿತಂತೆ. ಆದರೆ ಪೊಟ್ಟಣ ಕಳೆದ ರಾತ್ರಿ ಎರಡು ಗಂಟೆಯವರೆಗೂ ಎದ್ದಿದ್ದನೆಂದು ತಂಗಿ ದೂರಿದಳು. ಅರ್ಜಿಯಲ್ಲಿ ನೆಟ್‌ವರ್ಕನ್ನೂ ಜೊತೆಗೆ ಯಂತ್ರಕಲಿಕೆಯ ಒಂದು ಪತ್ರಿಕೆಯನ್ನೂ ಬರೆದುಕೊಟ್ಟಿದ್ದಾನೆ. ತಂಗಿಗೆ ಇನ್ನೂ ಪೂರ್ಣ ಸಮಾಧಾನವಿಲ್ಲ.